ಕರೆಂಟ್ ಇಲ್ಲದ ದಿನ ನೋಡಿದ ಮನೆ

ಮನೆ ಕೊಳ್ಳುವ ನಂಟರು ಮೊದಲು ನನ್ನ ಹತ್ತಿರ ಬಂದು ಬುದ್ಧಿ ಕೇಳುತ್ತಾರೆ. ಬೆಲೆ ಇಳಿಸುವುದರಲ್ಲಿ ನಾನು ಗಟ್ಟಿಗಿತ್ತಿಯಂತೆ. ಆ ಹೆಸರು ತಂದುಕೊಟ್ಟ ಮನೆಯಲ್ಲೇ ಕೂತಿದ್ದೇನೆ. ಇಲ್ಲಿ ನನ್ನ ಮಾತು ನನಗೇ ಕೇಳಿಸುವುದಿಲ್ಲ.

ದೊಡ್ಡಬಳ್ಳಾಪುರದ ಹಳೇ ಬೀದಿಯಲ್ಲಿ ನಮ್ಮದು ಮಗ್ಗದ ಮನೆ. ಮುಂದೆ ಕರೆಂಟಿನ ಮಗ್ಗ, ಹಿಂದೆ ಒಲೆ. ಯಜಮಾನರು ಹುಟ್ಟಿ ಬೆಳೆದದ್ದೇ ಆ ಸದ್ದಿನಲ್ಲಿ. ವಯಸ್ಸಾದ ಮೇಲೆ ಅವರ ಕಿವಿಯೊಳಗೆ ಗುಂಯ್ ಎನ್ನುವುದು ಶುರುವಾಗಿ ನಿದ್ದೆ ಹೋಯಿತು. ಮಾತ್ರೆಗಿಂತ ಮೊದಲು ಮಗ್ಗದಿಂದ ದೂರ ಹೋಗಿ ಎಂದರು ಡಾಕ್ಟರು. ಮಕ್ಕಳಿಲ್ಲದ ಮನೆ, ಯಾರನ್ನು ಕೇಳಬೇಕು? ಮನೆ, ಮಗ್ಗ ಎರಡನ್ನೂ ಮಾರಲು ಮಾತಾಯಿತು. ಬೇರೆ ಮನೆ ಸಿಗುವವರೆಗೆ ನೇಯ್ದುಕೊಂಡಿರಿ ಎಂದರು ಕೊಂಡವರು. ಊರಾಚೆ ಬಡಾವಣೆಯಲ್ಲಿ ಒಂದು ಆರ್‌ಸಿಸಿ ಮನೆ ಇದೆಯೆಂದು ಸುದ್ದಿ ಬಂತು.

ನಾನು ಸುಮ್ಮನೆ ಹೋಗಿ ಕೂತವಳಲ್ಲ. ಮೊದಲು ಆ ಬೀದಿಯ ಅಂಗಡಿಯಲ್ಲಿ ಸೋಪು ಕೊಳ್ಳುವ ನೆಪ ಮಾಡಿ, ಯಾಕೆ ಮಾರುತ್ತಾರೆ, ಎಷ್ಟು ಕಾಲದಿಂದ ಬೀಗ ಹಾಕಿದೆ, ಪಕ್ಕದ ಮನೆ ಎಷ್ಟಕ್ಕೆ ಹೋಯಿತು ಎಂದೆಲ್ಲ ತಿಳಿದುಕೊಂಡೆ. ಕಾಗದಪತ್ರಗಳನ್ನು ವಕೀಲರಿಗೆ ತೋರಿಸಿದೆ. ಸಂಪಿನ ಮುಚ್ಚಳ ತೆಗೆಸಿದೆ. ಬಚ್ಚಲ ಗೋಡೆಗೆ ಅಂಗೈ ಇಟ್ಟು ತೇವ ನೋಡಿದೆ. ಚೆನ್ನಾಗಿದೆ ಅನ್ನಬೇಡಿ, ಆಸೆ ಮುಖದಲ್ಲಿ ಕಂಡರೆ ಬೆಲೆ ಇಳಿಯುವುದಿಲ್ಲ ಎಂದು ಯಜಮಾನರಿಗೆ ದಾರಿಯಲ್ಲೇ ಹೇಳಿದ್ದೆ. ಅವರೋ ಹಿಂದಿನ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಕೂತುಬಿಟ್ಟರು.

"ಎಷ್ಟು ನಿಶ್ಶಬ್ದ ಕಣೇ" ಎಂದರು. ನಾನು ಅವರ ಕಾಲು ತುಳಿದೆ.

ಮತ್ತೆ ಮತ್ತೆ ಹೋಗಿ ನೋಡಿದೆವು. ಹೋದಾಗಲೆಲ್ಲ ನಿಶ್ಶಬ್ದವೇ. ನೇಯುವವರಿಗೆ ಬಿಡುವು ಎಂದರೆ ಕರೆಂಟ್ ತೆಗೆದ ದಿನ. ನಾವು ಹೋದದ್ದೆಲ್ಲ ಅಂಥ ದಿನಗಳಲ್ಲಿ. ಅಂಥ ದಿನ ಊರಿನ ಮಗ್ಗಗಳೆಲ್ಲ ನಿಂತಿರುತ್ತವೆ ಎಂಬ ಯೋಚನೆ ನನಗಾಗಲಿ ಅವರಿಗಾಗಲಿ ಬರಲಿಲ್ಲ. ಅಂಗಡಿಯವನೂ ಹೇಳಲಿಲ್ಲ. ನಮ್ಮೂರಲ್ಲಿ ಮಗ್ಗದ ಸದ್ದನ್ನು ಯಾರು ಸುದ್ದಿ ಎಂದುಕೊಳ್ಳುತ್ತಾರೆ?

ಮಾತುಕತೆಯ ದಿನ ಬಚ್ಚಲ ತೇವ, ಚಿಕ್ಕ ಸಂಪು, ಮಧ್ಯಾಹ್ನದ ಮೇಲಿನ ಬಿಸಿಲು ಎಲ್ಲವನ್ನೂ ಎತ್ತಿ ಆಡಿದೆ. ಆಗೋದಿಲ್ಲ ಎಂದು ಒಂದು ಸಲ ಚಪ್ಪಲಿಯನ್ನೂ ಮೆಟ್ಟಿದೆ. ಮಾರುವವನು ಇಳಿದ. ನನ್ನ ಬಾಯಿಗೆ ಹೆದರಿ ಇಳಿದ ಎಂದುಕೊಂಡೆ. ಅಷ್ಟು ಸಲೀಸಾಗಿ ಇಳಿದವನನ್ನು, ಯಾಕಪ್ಪಾ ಎಂದು ಕೇಳಬೇಕಿತ್ತು.

ಹಾಲು ಉಕ್ಕಿಸಿದ ದಿನ ಬೆಳಗ್ಗೆ ಪೂಜೆಯ ಹೊತ್ತಿಗೂ ಕರೆಂಟ್ ಇರಲಿಲ್ಲ. ಎಲೆ ಹಾಕುವಾಗ ಬಂತು. ಹಿಂದಿನ ಗೋಡೆ ನಡುಗಿತು. ದೇವರ ಪಟ ವಾಲಿತು. ಗೋಡೆಯ ಆಚೆ ಶೀಟಿನ ಶೆಡ್ಡು, ಅದರ ಬಾಗಿಲು ಇನ್ನೊಂದು ಬೀದಿಗೆ. ಎಡ ಬಲದಲ್ಲಿ ಯಾರಿದ್ದಾರೆಂದು ವಿಚಾರಿಸಿದ್ದ ನಾನು ಹಿಂದೆ ಯಾರೆಂದು ಕೇಳಿರಲಿಲ್ಲ. ಯಜಮಾನರು ಊಟ ಬಿಟ್ಟು ಎದ್ದು, ಗೋಡೆಗೆ ಕೈ ಇಟ್ಟು ನಿಂತರು.

"ಎಂಟು ಮಗ್ಗ" ಎಂದರು.

ಮಾರಿದವನಿಗೆ ಫೋನ್ ಮಾಡಿಸಿ, ಒಂದು ಮಾತು ಹೇಳಬಾರದಾಗಿತ್ತೇನಪ್ಪಾ ಎಂದು ಕೇಳಿದೆ.

"ನೀವೇ ಮಗ್ಗದೋರಲ್ವಾ ಅಮ್ಮಾ. ನಿಮ್ಗೆ ಅದೂ ಒಂದು ಸದ್ದಾ ಅಂದ್ಕೊಂಡೆ" ಎಂದ.

ನಮ್ಮ ಮಗ್ಗದ ಸದ್ದು ನಮ್ಮ ಅನ್ನದ ಸದ್ದಾಗಿತ್ತು. ಈಗ ಹಗಲೂ ರಾತ್ರಿಯೂ ಕೇಳುವುದು ಕಂಡವರ ಅನ್ನದ್ದು. ಯಜಮಾನರು ಕಿವಿಗೆ ಹತ್ತಿ ತುರುಕಿಕೊಂಡು ಮಂಚದಲ್ಲಿ ಕೂತೇ ಬೆಳಗು ಮಾಡುತ್ತಾರೆ. ಅವರಿಗೆ ನಿದ್ದೆ ಬರುವುದು ಕರೆಂಟ್ ತೆಗೆದ ದಿನ ಮಾತ್ರ.

ಮಾರಿ ಹೋಗೋಣ ಎಂದೆ. ದಾಬಸ್‌ಪೇಟೆಯ ಫ್ಯಾಕ್ಟರಿಯಲ್ಲಿ ಕೆಲಸವಿರುವವನೊಬ್ಬ ಹೆಂಡತಿಯೊಂದಿಗೆ ಬಂದು ನೋಡುತ್ತೇನೆಂದ. ಯಾವಾಗ ಬರಲಿ ಎಂದಾಗ ನಾನು ಮಂಗಳವಾರ ಎಂದೆ. ಮಂಗಳವಾರ ಬೆಳಗಿನಿಂದ ಸಂಜೆವರೆಗೆ ಕರೆಂಟ್ ಇರುವುದಿಲ್ಲ ಎಂದು ಪಕ್ಕದವರು ಪೇಪರು ಓದಿ ಹೇಳಿದ್ದರು.

ಅವರೂ ಸಂಪು ನೋಡಿದರು. ಬಚ್ಚಲ ಗೋಡೆ ಮುಟ್ಟಿ ನೋಡಿದರು. ಊರಾಚೆ ಎಷ್ಟು ಆರಾಮವಾಗಿದೆ ಎಂದಳು ಹೆಂಡತಿ. ಆಸೆ ಅವಳ ಮುಖದಲ್ಲೇ ಇತ್ತು. ಇವಳ ಹತ್ತಿರ ಬೆಲೆ ಇಳಿಸಬೇಕಾಗಿಲ್ಲ ಎಂದುಕೊಂಡೆ. ಆಗ ಮಂಚದ ಮೇಲೆ ನಿದ್ದೆ ಹೋಗಿದ್ದ ಯಜಮಾನರು ಕಣ್ಣು ಬಿಟ್ಟರು.

"ನೈಟ್ ಶಿಫ್ಟೇನಪ್ಪಾ?"

"ಹೂಂ ತಾತ. ಹಗಲೇ ಮಲಗ್ಬೇಕು."

"ಹಂಗಾದ್ರೆ ಕರೆಂಟ್ ಇದ್ದಾಗ ಬಂದು ಒಂದ್ಸಲ ಇಲ್ಲಿ ಮಲಗಿ ನೋಡು."

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಹೇಳಿ ಕಳಿಸುತ್ತೇವೆ ಎಂದು ಹೋದವರು ಹೇಳಿ ಕಳಿಸಲಿಲ್ಲ.

ಅವರು ಅತ್ತ ಹೋಗುತ್ತಲೇ ನಾನು ಕೇಳಿದೆ, "ನಮ್ಗೆ ಯಾರಾದ್ರೂ ಹೇಳಿದ್ರಾ?"

ಯಜಮಾನರು ಆ ಕಡೆಗೆ ಹೊರಳಿ ಮಲಗಿದರು. ಕರೆಂಟ್ ಬರಲು ಇನ್ನೂ ಹೊತ್ತಿತ್ತು. ನಾನು ಬಚ್ಚಲಿಗೆ ಹೋಗಿ, ಪಾತ್ರೆಗಳನ್ನು ಬೇಕೆಂದೇ ಕುಕ್ಕಿ ಕುಕ್ಕಿ ತೊಳೆದೆ.