ಮನುಷ್ಯರಿಲ್ಲದ ಹಡಗು

ಕೊಲಂಬಿಯಾದಲ್ಲಿ ನಮ್ಮ ಪಕ್ಕದ ಮನೆಯ ಕನ್ನಡಿಗರೊಬ್ಬರು ಕೋವಿಡ್ ಕಾಲದಲ್ಲಿ ಮನೆಯೊಳಗೇ ಕೂತು ಹಡಗುಗಳ ತಜ್ಞರಾಗಿಬಿಟ್ಟರು. ಆವಿಯಂತ್ರದ ಕಾಲದಲ್ಲಿ ಕಲ್ಲಿದ್ದಲು ಸಾಗಿಸುತ್ತಿದ್ದ ಹಡಗೊಂದರ ಮಾದರಿಯನ್ನು ಎರಡು ವರ್ಷ ಕಟ್ಟಿ, ಒಳಗಿನ ಬಾಯ್ಲರ್ ಕಾಣುವಂತೆ ಒಂದು ಪಕ್ಕ ತೆರೆದಿಟ್ಟು, ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದರು. ಊಟಕ್ಕೆ ಕರೆದವರನ್ನೆಲ್ಲ ಮೊದಲು ಅದರ ಮುಂದೆ ನಿಲ್ಲಿಸಿ, ಕನ್ನಡಕವನ್ನು ಹಣೆಗೇರಿಸಿ, "ಡೀಟೇಲ್ ನೋಡ್ರೀ, ಡೀಟೇಲ್!" ಎನ್ನುತ್ತಿದ್ದರು. ಅಷ್ಟರಲ್ಲಿ ಅನ್ನ ಆರಿಹೋಗುತ್ತಿತ್ತು.

ಮೈಸೂರಿನಿಂದ ಬಂದಿದ್ದ ನಮ್ಮ ಅಮ್ಮಿಯನ್ನೂ ಒಮ್ಮೆ ಹಾಗೆಯೇ ನಿಲ್ಲಿಸಿದರು. ಅಮ್ಮಿ ಬಗ್ಗಿ ಬಹಳ ಹೊತ್ತು ನೋಡಿದರು.

"ಬಾಯ್ಲರಿಗೆ ಕಲ್ಲಿದ್ದಲು ಹಾಕೋರು ಎಲ್ಲಪ್ಪ?"

"ಮನುಷ್ಯರನ್ನ ಇಟ್ರೆ ಲುಕ್ ಹಾಳಾಗುತ್ತೆ ಆಂಟಿ. ಅದಕ್ಕೇ ಅವಾಯ್ಡ್ ಮಾಡಿದೀನಿ."

"ನಮ್ಮಪ್ಪ ಆ ಕೆಲಸಾನೇ ಮಾಡ್ತಿದ್ರು. ಕಲ್ಕತ್ತಾದಿಂದ ಬೊಂಬಾಯಿಗೆ ಕಲ್ಲಿದ್ದಲು ತರೋ ಹಡಗಲ್ಲಿ. ಮನೆಗೆ ಬಂದಾಗ ಕೈ ತುಂಬ ಸುಟ್ಟ ಗಾಯ ಇರೋದು. ನಾನೇ ಎಣ್ಣೆ ಹಚ್ತಿದ್ದೆ."

ಅಮ್ಮಿ ಇದನ್ನು ನನಗೂ ಎಂದೂ ಹೇಳಿರಲಿಲ್ಲ. ಹಡಗಿನ ಒಂದೊಂದು ಮೊಳೆಯ ಚರಿತ್ರೆ ಬಲ್ಲ ಈ ಮಹಾಶಯರು ಈಗಲಾದರೂ ಒಂದು ಪ್ರಶ್ನೆ ಕೇಳಿಯಾರೆಂದು ಕಾದೆ.

"ಹೌದಾ? ನೈಸ್," ಎಂದರು.

ಅಪ್ಪ ನಿಲ್ಲುತ್ತಿದ್ದ ಜಾಗ ಇದೇ ಇರಬೇಕು ಎಂದು ಅಮ್ಮಿ ಗಾಜಿನ ಮೇಲೆ ಬೆರಳಿಟ್ಟು ನನಗೆ ತೋರಿಸಿದರು. ಅಮ್ಮಿ ಬೆರಳು ತೆಗೆಯುವುದನ್ನೇ ಕಾಯುತ್ತಿದ್ದ ಮಹಾಶಯರು ಜೇಬಿನಿಂದ ಬಟ್ಟೆ ತೆಗೆದು, ಆ ಗುರುತನ್ನು ನೀಟಾಗಿ ಒರೆಸಿದರು.