ಒಡಪಿನೊಳಗೆ ಉಳಿದ ಹೆಸರು

ಆತ್ಮೀಯರೇ, ಮರೆವಿನ ಕಾಯಿಲೆಯವರನ್ನು ಒಟ್ಟಿಗೆ ಕೂರಿಸಿ ಮಾತಾಡಿಸುವ, ಆಟವಾಡಿಸುವ ಆಳಂದದ ಕೂಟಕ್ಕೆ ಇಂದು ಪತ್ನಿ ಕಾಶಮ್ಮನನ್ನು ಕರೆದೊಯ್ದಿದ್ದೆ.

ನಡೆಸಿಕೊಡುವ ತರುಣಿ ಕೇಳಿದಳು: “ಯಮ್ಮಾ, ನಿಮ್ಮ ಯಜಮಾನರ ಹೆಸರೇನ್ರಿ?”

ಕಾಶಮ್ಮ ತಲೆ ತಗ್ಗಿಸಿದಳು. ನನ್ನ ಮುಖವನ್ನು ಆಗಲೇ ಮರೆತವಳು. ಹೆಸರೂ ಅಳಿಸಿಹೋಯಿತೆಂದುಕೊಂಡೆ.

“ಮರ್ತಾರ ಅನಸ್ತದ,” ಎಂದಳು ತರುಣಿ.

ತನ್ನ ಊರೇ ನೆನಪಿಲ್ಲದ ಖಜೂರಿಯ ಶಾಂತವ್ವ ಪಕ್ಕದಿಂದಲೇ ಗದರಿದಳು: “ಗಂಡನ ಹೆಸರು ಹಂಗ ಬಾಯಿಬಿಟ್ಟು ಹೇಳ್ತಾರೇನಬೇ? ಒಡಪು ಕಟ್ಟಿ ಹೇಳಂತ ಅನ್ನು!”

ಕಾಶಮ್ಮ ಸೆರಗು ಸರಿಪಡಿಸಿಕೊಂಡು ಹಾಡಿದಂತೆ ನುಡಿದಳು: “ತೊಗರಿ ಹೂವಿಗಿ ಹಳದಿ ಬಣ್ಣ ಚೆಂದ, ಗುರುಲಿಂಗಪ್ಪನೋರು ಇದ್ದರ ಮನಿಗೆಲ್ಲ ಆನಂದ!”

ನನ್ನದೇ ಹೆಸರು! ಕೂಟವೆಲ್ಲ ಚಪ್ಪಾಳೆ ತಟ್ಟಿತು. ತನ್ನ ಊರನ್ನೇ ಮರೆತಾಕೆ ಇನ್ನೊಬ್ಬಳಿಗೆ ದಾರಿ ತೋರಿದ್ದನ್ನು ಕಂಡು, ಶಾಂತವ್ವನಿಗೆ ಮನದಲ್ಲೇ ಶರಣೆಂದೆ.

ಅಷ್ಟರಲ್ಲಿ ಕಾಶಮ್ಮ ನನ್ನತ್ತ ಬಾಗಿ ಪಿಸುಗುಟ್ಟಿದಳು: “ಅಜ್ಜಾರ, ನಾ ಹೆಸರು ಹೇಳೀನಂತ ನಮ್ಮ ಮನಿಯವ್ರಿಗಿ ಹೇಳಬ್ಯಾಡ್ರಿ ಮತ್ತ.”

“ಹೇಳಂಗಿಲ್ರೀ ಯವ್ವಾ,” ಎಂದೆ.

ಕೊಟ್ಟ ಮಾತನ್ನು ಉಳಿಸಿಕೊಂಡಿದ್ದೇನೆ. ನಿಮಗೆಲ್ಲ ತಿಳಿಸಿದೆನಾದರೂ, ಅವಳ ಮನೆಯವರಿಗೆ ಮಾತ್ರ ಇನ್ನೂ ಹೇಳಿಲ್ಲ.