ಬಂದರಿನಿಂದ ಬಾರದ ಲಾರಿ

ಮೊನ್ನೆ ರಾಯಚೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಪಂಕ್ಚರ್ ಅಂಗಡಿಯಿಂದ ಸುಟ್ಟ ರಬ್ಬರಿನ ವಾಸನೆ ಬಂತು. ಎಲ್ಲರೂ ಮೂಗು ಮುಚ್ಚಿಕೊಂಡು ನಡೆದರು, ನಾನು ನಿಂತುಬಿಟ್ಟೆ. ಎದುರುಮನಿ ಅತ್ತಿ ನೆನಪಾದಳು...

ನಾನಾಗ ದೇವದುರ್ಗದಿಂದ ಮದುವೆಯಾಗಿ ಮಾನ್ವಿಗೆ ಬಂದ ಹೊಸತು. ಎದುರುಮನೆಯವಳನ್ನು ಅತ್ತೆಯ ಸಲುಗೆಯಿಂದ ಅತ್ತಿ ಎನ್ನುತ್ತಿದ್ದೆ. ಅವಳ ಗಂಡ ರೈಸ್ ಮಿಲ್ಲಿನ ಲಾರಿ ಡ್ರೈವರ್. ಅಕ್ಕಿ ಹೇರಿಕೊಂಡು ಆಂಧ್ರದ ಬಂದರಿಗೆ ಹೋಗುತ್ತಿದ್ದರು. ಒಮ್ಮೆ ಅವರು ಅಲ್ಲಿದ್ದಾಗಲೇ ಸಮುದ್ರದೊಳಗೆ ಭೂಕಂಪವಾಯಿತು. ಅಂಥ ದೊಡ್ಡದೇನಲ್ಲ, ಎಲ್ಲೂ ಹಾನಿಯಿಲ್ಲ ಎಂದು ಟಿವಿಯವರು ಹೇಳಿದರು. ಗಂಡನದು ಮಾತ್ರ ದಿನಾ ಫೋನಿನಲ್ಲಿ ಒಂದೇ ಮಾತು: "ಮತ್ತ ನೆಲ ನಡುಗಾಕತ್ತದ. ಬಂದರು ಬಂದ್ ಅದ."

ಅತ್ತಿ ಮೊದಮೊದಲು ದೇವರಿಗೆ ದೀಪ ಹಚ್ಚಿದಳು. ಆಮೇಲೆ ಅವಳ ಹುಬ್ಬು ಗಂಟಿಕ್ಕಿತು. ನನ್ನ ಮೊಬೈಲಿನಲ್ಲಿ ಬಂದರಿನ ಸುದ್ದಿ ಹುಡುಕಿಸಿದಳು. ವಿಡಿಯೋದಲ್ಲಿ ಹಮಾಲರು ನಗುನಗುತ್ತಾ ಹಡಗಿಗೆ ಮೂಟೆ ಏರಿಸುತ್ತಿದ್ದರು.

"ಎಲ್ಲಾರೂ ಕೆಲಸ ಮಾಡಾಕತ್ತಾರ. ನೆಲ ಬರೇ ನನ್ನ ಗಂಡನ ಕಾಲಾಗ ನಡುಗತದೇನು?"

ಮರುದಿನ ಫೋನಿನಲ್ಲಿ ಅವರ ಹಿಂದೆ ಯಾರೋ ಹೆಂಗಸು ನಮ್ಮ ಸೀಮೆಯ ಕನ್ನಡದಲ್ಲೇ ಕೋಳಿಗೆ ಬೈದದ್ದು ಕೇಳಿಸಿತು. ಅತ್ತಿ ಪಟ್ಟನೆ ಫೋನಿಟ್ಟಳು. ಸಂಜೆಗೆ ಓಣಿಯ ಬಸ್ ಕಂಡಕ್ಟರ್ ಬಂದು, "ನಿಮ್ಮವರ ಗಾಡಿ ಇಲ್ಲೇ ಕವಿತಾಳದಾಗ ನಿಂತದಲ್ರೀ?" ಎಂದ.

ಬೆಳಿಗ್ಗೆ ನನ್ನನ್ನು ಎಳೆದುಕೊಂಡೇ ಬಸ್ಸು ಹತ್ತಿದಳು. ಕವಿತಾಳದ ಒಂದು ಪಂಕ್ಚರ್ ಅಂಗಡಿಯ ಪಕ್ಕ ಲಾರಿ ನಿಂತಿತ್ತು. ಅಂಗಡಿಯೊಳಗೆ ಹಗ್ಗದ ಹೊರಸಿನ ಮೇಲೆ ಗಂಡ. ಗಡ್ಡ ಬೆಳೆದಿತ್ತು, ಎರಡೂ ಕೈಯಲ್ಲಿ ಹೊರಸಿನ ಅಂಚು ಹಿಡಿದಿದ್ದರು.

"ಎಲ್ಲ್ಯದಾಳ ಆಕಿ?" ಎನ್ನುತ್ತಾ ಅತ್ತಿ ಪರದೆ ಸರಿಸಿದಳು. ಹಿಂದೆ ಹಿತ್ತಲಲ್ಲಿ ಅಂಗಡಿಯವನ ಮುದಿ ತಾಯಿ ಕೋಳಿಗೆ ನುಚ್ಚು ಹಾಕುತ್ತಿದ್ದಳು. ಅಷ್ಟಕ್ಕೇ ಅವಳ ಅನುಮಾನ ತೀರಲಿಲ್ಲ. ಗಂಡನ ಅಂಗಿಯನ್ನೂ ಮೂಸಿ ನೋಡಿದಳು; ಬರೀ ಸುಟ್ಟ ರಬ್ಬರಿನ ವಾಸನೆ.

ಅವರು ತಲೆ ಎತ್ತಲಿಲ್ಲ. "ಅವತ್ತು ಗಾಡಿಯೊಳಗ ಮಲಗಿದ್ದೆ. ಎಚ್ಚರಾಗೂದ್ರಾಗ ಗಾಡಿ ತೊಟ್ಟಿಲಾಗಿತ್ತು. ಆಮ್ಯಾಲೂ ಮತ್ತ ಮತ್ತ... ಹೆಂಗೋ ಇಲ್ಲೀತನಕ ಬಂದೆ. ಈಗ ಇಂಜಿನ್ ಚಾಲೂ ಮಾಡಿದ್ರ ಅದೇ ಆಗ್ತದ. ಓಣಿಯಾಗ ಹೆಂಗ ಹೇಳಲಿ, ನಗತಾರ."

"ಸುಳ್ಳು," ಎಂದಳು ಅತ್ತಿ.

ಅಷ್ಟರಲ್ಲಿ ಹತ್ತಿಯ ಲಾರಿಯೊಂದು ರಸ್ತೆಯಲ್ಲಿ ಹಾದುಹೋಯಿತು. ಅಂಗಡಿಯ ಮೇಲಿನ ತಗಡುಗಳು ಗಡಗಡ ಎಂದವು. ಅವರು ಅತ್ತಿಯ ರಟ್ಟೆ ಹಿಡಿದು ಬರಿಗಾಲಲ್ಲಿ ಹೊರಗೆ ಓಡಿದರು, ಬಯಲಿನಲ್ಲಿ ನಿಂತು ಅವಳ ತಲೆಯ ಮೇಲೆ ತಮ್ಮ ಕೈ ಅಡ್ಡ ಹಿಡಿದರು. ಅತ್ತಿ ಆ ಕೈಯನ್ನೇ ನೋಡುತ್ತಾ ನಿಂತಳು. ಆಮೇಲೆ ನನಗಂದಳು: "ನೀ ಬಸ್ಸಿಗೆ ಹೋಗವ್ವಾ. ನಾವು ನಡಕೋತ ಬರ್ತೀವಿ."

ಬಾಗಲವಾಡದಲ್ಲಿ ನೆಂಟರ ಮನೆಯಲ್ಲಿ ತಂಗಿ, ಮರುದಿನ ಇಬ್ಬರೂ ನಡೆದೇ ಮಾನ್ವಿ ಸೇರಿದರು.

ಮುಂದೆ ಅವರು ಯಾವ ಗಾಡಿಯನ್ನೂ ಹತ್ತಲಿಲ್ಲ. ಮಿಲ್ಲಿನವರು ನಾಟಕ ಎಂದರು. ತಾನೇ ಅನುಮಾನಪಟ್ಟಿದ್ದ ಅತ್ತಿ ಮಿಲ್ಲಿನ ಬಾಗಿಲಿಗೆ ಹೋಗಿ ಜಗಳಾಡಿ ಬಂದಳು. ಹೋದ ವರ್ಷ ಅವಳಿಗೆ ಎದೆನೋವು ಬಂದಾಗ ಮಾತ್ರ ಅವರು ಆಂಬುಲೆನ್ಸ್ ಹತ್ತಿದರು. ಕಣ್ಣು ಮುಚ್ಚಿ, ಅವಳ ಕೈ ಬಿಡದೆ, ರಾಯಚೂರಿನತನಕ ಕೂತಿದ್ದರಂತೆ. ಅತ್ತಿ ಉಳಿಯಲಿಲ್ಲ...

ಈಗ ಸಂಜೆ ಅವರು ಕೆರೆಯ ಕಡೆ ಒಬ್ಬರೇ ನಡೆದು ಬರುತ್ತಾರೆ. ಎಷ್ಟು ತಡವಾದರೂ, ಎಲ್ಲಿಗೆ ಹೋಗಿದ್ರಿ ಎಂದು ಕಣ್ಣು ಕಿರಿದು ಮಾಡಿ ಕೇಳುವವರು ಆ ಮನೆಯಲ್ಲಿ ಯಾರೂ ಇಲ್ಲ.